2147483647: ಕಂಪ್ಯೂಟರಿನ ಗಡಿಯಲ್ಲಿ ನಿಂತ ಅವಿಭಾಜ್ಯ ಸಂಖ್ಯೆ

ಮೊಬೈಲ್ ಆಟವೊಂದರಲ್ಲಿ ಅಂಕ ಏರುತ್ತಲೇ ಹೋಗಿ ಒಂದು ಜಾಗದಲ್ಲಿ ಗಕ್ಕನೆ ನಿಲ್ಲುತ್ತದೆ. ಆಮೇಲೆ ಎಷ್ಟು ಆಡಿದರೂ ಒಂದಂಕವೂ ಮುಂದೆ ಸರಿಯುವುದಿಲ್ಲ. ಇನ್ನೊಂದು ಕಡೆ, ಯಾವುದೋ ತಂತ್ರಾಂಶ ಉಳಿಸಿಟ್ಟ ಪಟ್ಟಿಯನ್ನು ತೆರೆದರೆ ಹತ್ತಾರು ಜನರ ಹೆಸರಿನ ಮುಂದೆ ಒಂದೇ ಫೋನ್ ನಂಬರ್ ಕೂತಿರುತ್ತದೆ. '2038ರ ಸಮಸ್ಯೆ' ಎಂಬ ಮಾತಂತೂ ಈಗೀಗ ಆಗಾಗ ಕಿವಿಗೆ ಬೀಳುತ್ತಿದೆ. ಈ ಮೂರರ ಹಿಂದೆಯೂ ಇರುವುದು ಒಂದೇ ಸಂಖ್ಯೆ: 2147483647.

ಓದುವಾಗ ಇದು ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ಬಿಡದೆ ಎಣಿಸಿದರೆ ಮುಗಿಸಲು 68 ವರ್ಷ ಬೇಕು. ಹತ್ತು ಅಂಕಿಗಳನ್ನು ಎಷ್ಟು ಹೊತ್ತು ನೋಡಿದರೂ ಅವುಗಳಲ್ಲಿ ಯಾವ ವಿನ್ಯಾಸವೂ ಕಣ್ಣಿಗೆ ಸಿಗುವುದಿಲ್ಲ. ಆದರೆ ಕಂಪ್ಯೂಟರುಗಳು ಹುಟ್ಟುವುದಕ್ಕೆ ಬಹಳ ಹಿಂದೆಯೇ, 1772ರ ಹೊತ್ತಿಗೆ, ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞ ಇದೇ ಸಂಖ್ಯೆಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದ್ದರು. ಇದು ಯಂತ್ರಕ್ಕೆ ಗಡಿ, ಗಣಿತಕ್ಕೆ ಅಪರೂಪದ ಒಂದು ಅವಿಭಾಜ್ಯ. ಈ ಎರಡು ಗುರುತುಗಳೂ ಒಂದೇ ಬೇರಿನಿಂದ ಬಂದವು. ಆ ಬೇರನ್ನು ಹಿಡಿದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೂವತ್ತೆರಡು ಸ್ವಿಚ್ಚುಗಳ ಪೆಟ್ಟಿಗೆ

ನಾವು ಬರೆಯುವುದು ದಶಮಾನ ಪದ್ಧತಿಯಲ್ಲಿ. ಬಲದಿಂದ ಎಡಕ್ಕೆ ಹೋದಂತೆ ಬಿಡಿ, ಹತ್ತು, ನೂರು, ಸಾವಿರ ಎಂದು ಪ್ರತಿ ಸ್ಥಾನದ ಬೆಲೆ ಹತ್ತು ಪಟ್ಟಾಗುತ್ತದೆ. ಕಂಪ್ಯೂಟರ್ ಬಳಸುವುದು ದ್ವಿಮಾನ ಪದ್ಧತಿ. ಅಲ್ಲಿ ಇರುವುದು 0 ಮತ್ತು 1 ಎಂಬ ಎರಡೇ ಅಂಕಿ. ಸ್ಥಾನದ ಬೆಲೆ ಪ್ರತಿ ಸಲ ಎರಡು ಪಟ್ಟಾಗುತ್ತದೆ: 1, 2, 4, 8, 16, ಹೀಗೆ.

ಒಂದು ಸಾಲಿನಲ್ಲಿ ಸ್ವಿಚ್ಚುಗಳಿವೆ ಎಂದುಕೊಳ್ಳಿ. ಹಾಕಿದ್ದರೆ 1, ಆರಿಸಿದ್ದರೆ 0. ಮೂರು ಸ್ವಿಚ್ಚುಗಳನ್ನೂ ಹಾಕಿದರೆ 4 + 2 + 1 = 7. ನಾಲ್ಕನ್ನೂ ಹಾಕಿದರೆ 8 + 4 + 2 + 1 = 15. ಎಲ್ಲ ಸ್ವಿಚ್ಚುಗಳನ್ನು ಹಾಕಿದಾಗ ಬರುವ ಮೊತ್ತ ಯಾವಾಗಲೂ ಮುಂದಿನ ಸ್ಥಾನದ ಬೆಲೆಗಿಂತ ಒಂದು ಕಡಿಮೆ. ಎಂಟಕ್ಕೆ ಒಂದು ಕಡಿಮೆ ಏಳು, ಹದಿನಾರಕ್ಕೆ ಒಂದು ಕಡಿಮೆ ಹದಿನೈದು. ದಶಮಾನದಲ್ಲಿ 999 ಎಂಬುದು ಸಾವಿರಕ್ಕೆ ಒಂದು ಕಡಿಮೆ ಇರುವ ಹಾಗೆಯೇ ಇದು.

ಹಾಗಾದರೆ ಮೂವತ್ತೊಂದು ಸ್ವಿಚ್ಚುಗಳನ್ನು ಒಟ್ಟಿಗೆ ಹಾಕಿದರೆ? 2ನ್ನು 31 ಸಲ ಗುಣಿಸಿದಾಗ ಬರುವ 2147483648ಕ್ಕೆ ಒಂದು ಕಡಿಮೆ. ಅದೇ ನಮ್ಮ ಸಂಖ್ಯೆ. ದ್ವಿಮಾನದಲ್ಲಿ ಅದನ್ನು ಹೀಗೆ ಬರೆಯುತ್ತಾರೆ:

1111111111111111111111111111111

ಮೂವತ್ತೊಂದು ಒಂದುಗಳು, ನಡುವೆ ಒಂದೂ ಸೊನ್ನೆಯಿಲ್ಲ. ದಶಮಾನದ ವೇಷದಲ್ಲಿ ಗೊತ್ತುಗುರಿಯಿಲ್ಲದಂತೆ ಕಾಣುತ್ತಿದ್ದ ಸಂಖ್ಯೆ ತನ್ನ ಸಹಜ ರೂಪದಲ್ಲಿ ಇಷ್ಟು ಸರಳ. ಈ ಲೇಖನದಲ್ಲಿ ಮುಂದೆ ಬರುವ ಗುಣಗಳೆಲ್ಲ ಈ ಸಾಲಿನಿಂದಲೇ ಹೊರಡುತ್ತವೆ.

ಬಹುಕಾಲ ಕಂಪ್ಯೂಟರುಗಳು ಒಂದು ಪೂರ್ಣಾಂಕಕ್ಕೆ 32 ಸ್ವಿಚ್ಚುಗಳ, ಅಂದರೆ 32 ಬಿಟ್‌ಗಳ, ಜಾಗ ಕೊಡುವುದು ವಾಡಿಕೆಯಾಗಿತ್ತು. ಈಗಲೂ ಲೆಕ್ಕವಿಲ್ಲದಷ್ಟು ತಂತ್ರಾಂಶಗಳು ಹಾಗೇ ಮಾಡುತ್ತವೆ. ಋಣ ಸಂಖ್ಯೆಗಳನ್ನೂ ಬರೆಯಬೇಕಲ್ಲ, ಅದಕ್ಕಾಗಿ ಎಡತುದಿಯ ಸ್ವಿಚ್ಚಿಗೆ ಮಾತ್ರ ಋಣ ಬೆಲೆ ಕೊಟ್ಟಿರುತ್ತಾರೆ. ಅದನ್ನು ಹಾಕಿದರೆ ಮೊತ್ತಕ್ಕೆ −2147483648 ಸೇರುತ್ತದೆ. ಹೀಗಾಗಿ ಆ ಒಂದನ್ನು ಆರಿಸಿ ಉಳಿದ 31ನ್ನೂ ಹಾಕಿದಾಗ ಸಿಗುವುದೇ ಈ ಪೆಟ್ಟಿಗೆಯಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ.

ಅದಕ್ಕೆ ಇನ್ನೊಂದನ್ನು ಕೂಡಿಸಿದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. 999ಕ್ಕೆ 1 ಕೂಡಿಸುವಾಗ ಮೂರು ಒಂಬತ್ತುಗಳೂ ಸೊನ್ನೆಯಾಗಿ ದಶಕ ಎಡಕ್ಕೆ ಉರುಳುತ್ತದಲ್ಲ, ಹಾಗೆ ಇಲ್ಲಿ 31 ಸ್ವಿಚ್ಚುಗಳೂ ಒಂದರ ಹಿಂದೊಂದು ಆರಿ, ಎಡತುದಿಯ ಸ್ವಿಚ್ಚು ಹತ್ತಿಕೊಳ್ಳುತ್ತದೆ. ಅದರ ಬೆಲೆ ಋಣ. ಅಂದರೆ ಇರುವುದರಲ್ಲೇ ದೊಡ್ಡ ಸಂಖ್ಯೆಗೆ ಒಂದು ಕೂಡಿಸಿದ ಕ್ಷಣ ಇರುವುದರಲ್ಲೇ ಚಿಕ್ಕ ಸಂಖ್ಯೆ, −2147483648, ಬಂದು ಕೂರುತ್ತದೆ. ಕೆಲವು ತಂತ್ರಾಂಶಗಳು ಈ ಉರುಳಾಟವನ್ನು ತಡೆದು, ಮೀರಿ ಬಂದ ಏನೇ ಇದ್ದರೂ ಗಡಿಯಲ್ಲಿಯೇ ನಿಲ್ಲಿಸುತ್ತವೆ. ಆಟದ ಅಂಕ ಸ್ತಬ್ಧವಾಗುವುದು, ಹತ್ತಂಕಿಯ ಫೋನ್ ನಂಬರುಗಳೆಲ್ಲ 2147483647 ಆಗಿಬಿಡುವುದು ಆಗ.

2014ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ಹಾಡೊಂದರ ವಿಡಿಯೊ ನೋಡಿದವರ ಎಣಿಕೆ ಈ ಗಡಿ ಮುಟ್ಟಿತು. ಯೂಟ್ಯೂಬ್ ತನ್ನ ಎಣಿಕೆಯ ಪೆಟ್ಟಿಗೆಯನ್ನು 64 ಬಿಟ್‌ಗಳಿಗೆ ಹಿಗ್ಗಿಸಿದ ವಿಷಯ ಸಾಮಾನ್ಯ ಜನರಿಗೂ ತಿಳಿದದ್ದು ಆಗಲೇ. 2038ರದ್ದೂ ಇದೇ ಕಥೆ. ಅನೇಕ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತವೆ. 32 ಬಿಟ್‌ಗಳ ಪೆಟ್ಟಿಗೆ ಬಳಸುವ ಯಂತ್ರಗಳಲ್ಲಿ ಆ ಎಣಿಕೆ 2038ರ ಜನವರಿ 19ರಂದು, ಸಾರ್ವತ್ರಿಕ ಕಾಲಮಾನದ ಪ್ರಕಾರ 3 ಗಂಟೆ 14 ನಿಮಿಷ 7 ಸೆಕೆಂಡಿಗೆ, 2147483647 ಆಗುತ್ತದೆ. ಸರಿಪಡಿಸದೆ ಬಿಟ್ಟ ಯಂತ್ರ ಮರುಸೆಕೆಂಡಿನಲ್ಲಿ ತಾನು 1901ರ ಡಿಸೆಂಬರ್ 13ರಲ್ಲಿ ಇದ್ದೇನೆಂದು ತಿಳಿಯುತ್ತದೆ. ಪೆಟ್ಟಿಗೆಯನ್ನು 64 ಬಿಟ್‌ಗೆ ಬದಲಿಸುವುದೇ ಇದಕ್ಕಿರುವ ಮುಖ್ಯ ಪರಿಹಾರ. ಆ ಕೆಲಸ ವರ್ಷಗಳಿಂದ ನಡೆದಿದೆ.

ಅವಿಭಾಜ್ಯ ಎಂದರೆ

ಗಣಿತದ ಕಡೆ ಬರೋಣ. 1 ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ, 1ಕ್ಕಿಂತ ದೊಡ್ಡ ಪೂರ್ಣ ಸಂಖ್ಯೆಗೆ ಅವಿಭಾಜ್ಯ ಸಂಖ್ಯೆ ಎಂದು ಹೆಸರು: 2, 3, 5, 7, 11, ಹೀಗೆ. ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯಬಲ್ಲದ್ದು ಸಂಯುಕ್ತ ಸಂಖ್ಯೆ. ಹನ್ನೆರಡು ಚೌಕಗಳನ್ನು 3 ಸಾಲು, 4 ಕಂಬಸಾಲುಗಳ ಆಯತವಾಗಿ ಜೋಡಿಸಬಹುದು. ಹದಿಮೂರು ಚೌಕಗಳನ್ನು ಉದ್ದಕ್ಕೆ ಒಂದೇ ಸಾಲಿನಲ್ಲಿ ಇಡದೆ ಬೇರೆ ದಾರಿಯಿಲ್ಲ. 2147483647 ಚೌಕಗಳು ನಿಮ್ಮ ಬಳಿ ಇದ್ದರೂ ಅವಕ್ಕೆ ಹದಿಮೂರರ ಗತಿಯೇ, ಒಂದೇ ಸಾಲು.

ಇದನ್ನು ಪರೀಕ್ಷಿಸುವುದು ಹೇಗೆ? ಕೊನೆಯ ಅಂಕಿ 7, ಆದ್ದರಿಂದ 2ರಿಂದಲೂ 5ರಿಂದಲೂ ಭಾಗವಾಗದು. ಅಂಕಿಗಳ ಮೊತ್ತ 2 + 1 + 4 + 7 + 4 + 8 + 3 + 6 + 4 + 7 = 46; ಇದು 3ರಿಂದ ಭಾಗವಾಗುವುದಿಲ್ಲ, ಆದ್ದರಿಂದ ಮೂಲ ಸಂಖ್ಯೆಯೂ ಆಗದು. 7ರಿಂದಲೂ 11ರಿಂದಲೂ ಭಾಗಿಸಿ ನೋಡಿದರೆ ಎರಡೂ ಸಲ 1 ಶೇಷ. ಹೀಗೆ ಎಲ್ಲಿಯವರೆಗೆ ಹೋಗಬೇಕು? ವರ್ಗಮೂಲದವರೆಗೆ ಹೋದರೆ ಸಾಕು. ಒಂದು ಸಂಖ್ಯೆ ಎರಡು ಅಪವರ್ತನಗಳಾಗಿ ಒಡೆಯುವುದಾದರೆ ಅವೆರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ. ಹಾಗಿದ್ದರೆ ಗುಣಲಬ್ಧ ಮೂಲ ಸಂಖ್ಯೆಯನ್ನು ಮೀರಿಬಿಡುತ್ತದೆ. 46340ರ ವರ್ಗ 2147395600, 46341ರ ವರ್ಗ ನಮ್ಮ ಸಂಖ್ಯೆಯನ್ನು ದಾಟುತ್ತದೆ. ಅಂದರೆ 46340ರೊಳಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು. ಅಂಥವು ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚಿವೆ. ಯಂತ್ರಕ್ಕೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಕಾಗದದ ಮೇಲೆ ಮಾಡಹೊರಟರೆ ತಿಂಗಳುಗಟ್ಟಲೆ ಬೇಕು, ತಪ್ಪಾಗುವ ಅಪಾಯ ಬೇರೆ.

ಒಂದುಗಳ ಸಾಲನ್ನು ಕತ್ತರಿಸಿ ನೋಡಿದರೆ

2ರ ಘಾತದಿಂದ 1 ಕಳೆದರೆ ಸಿಗುವ ಅವಿಭಾಜ್ಯಗಳಿಗೆ ಮರ್ಸೆನ್ ಅವಿಭಾಜ್ಯಗಳು ಎನ್ನುತ್ತಾರೆ. ಘಾತ ಎಂದರೆ 2ನ್ನು ಎಷ್ಟು ಸಲ ಗುಣಿಸಿದ್ದೇವೆ ಎಂಬ ಎಣಿಕೆ. ದ್ವಿಮಾನದಲ್ಲಿ ನೋಡಿದರೆ ಇವೆಲ್ಲ ಬರೀ ಒಂದುಗಳ ಸಾಲುಗಳು. ಎಷ್ಟನೇ ಘಾತವೋ ಅಷ್ಟು ಒಂದುಗಳು.

ಎಲ್ಲ ಸಾಲುಗಳೂ ಅವಿಭಾಜ್ಯವಾಗುವುದಿಲ್ಲ. ಹದಿನೈದು ಒಂದುಗಳನ್ನು ತೆಗೆದುಕೊಳ್ಳಿ, ಬೆಲೆ 32767. ಅದನ್ನು ಮೂರು ಮೂರರ ಗುಂಪುಗಳಾಗಿ ಬಿಡಿಸಿ ಬರೆಯಿರಿ: 111 111 111 111 111. ಒಂದೇ ತುಂಡು ಐದು ಸಲ ಬಂದಿದೆ, ಆದ್ದರಿಂದ ಇಡೀ ಸಂಖ್ಯೆ ಆ ತುಂಡಿನಿಂದ ಭಾಗವಾಗಲೇಬೇಕು. ದ್ವಿಮಾನದ 111 ಅಂದರೆ 7. ನಿಜಕ್ಕೂ 32767 = 7 × 4681. ದಶಮಾನದಲ್ಲಿ 111111ನ್ನು 111ರಿಂದ ಭಾಗಿಸಿದರೆ 1001 ಬರುವುದೂ ಇದೇ ಕಾರಣಕ್ಕೆ. ಆದ್ದರಿಂದ ಒಂದುಗಳ ಎಣಿಕೆಯನ್ನು ಸಮನಾದ ಗುಂಪುಗಳಾಗಿ ಕತ್ತರಿಸಲು ಬಂದರೆ ಆ ಸಂಖ್ಯೆಯ ಕಥೆ ಅಲ್ಲಿಗೆ ಮುಗಿಯಿತು. 31ನ್ನು ಹಾಗೆ ಕತ್ತರಿಸಲು ಬರುವುದಿಲ್ಲ, ಏಕೆಂದರೆ 31 ಸ್ವತಃ ಅವಿಭಾಜ್ಯ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕು. ಕಂಪ್ಯೂಟರಿನ ಗಡಿ ಆಗಿರುವುದರಿಂದ ಇದು ಅವಿಭಾಜ್ಯವಾಯಿತು ಎಂದಲ್ಲ. 16 ಬಿಟ್‌ಗಳ ಪೆಟ್ಟಿಗೆಯ ಗಡಿ ಈಗಷ್ಟೇ ಒಡೆದ 32767. 64 ಬಿಟ್‌ಗಳ ಪೆಟ್ಟಿಗೆಯ ಗಡಿ 9223372036854775807. ಅದರಲ್ಲಿ 63 ಒಂದುಗಳಿವೆ, 63 ಅಂದರೆ 7 × 9, ಹಾಗಾಗಿ ಅದೂ ಸಂಯುಕ್ತ. 8 ಬಿಟ್‌ಗಳ ಗಡಿಯಾದ 127 ಅವಿಭಾಜ್ಯ. 32 ಬಿಟ್‌ಗೆ ಆ ಭಾಗ್ಯ ಸಿಕ್ಕಿದ್ದು 31 ಎಂಬ ಎಣಿಕೆಯ ದೆಸೆಯಿಂದ.

ಎಣಿಕೆ ಅವಿಭಾಜ್ಯವಾಗಿದ್ದರೆ ಸಾಲೂ ಅವಿಭಾಜ್ಯವೇ? ಅದೂ ಖಾತರಿಯಿಲ್ಲ. ಹನ್ನೊಂದು ಒಂದುಗಳ ಬೆಲೆ 2047, ಅದು 23 × 89. ಹೀಗೆ ಮೋಸ ಹೋಗುವುದು ಸುಲಭ. ಮರ್ಸೆನ್ ಎಂಬ ಫ್ರೆಂಚ್ ಪಾದ್ರಿ 1644ರಲ್ಲಿ, 257ರವರೆಗಿನ ಯಾವ ಯಾವ ಘಾತಗಳು ಅವಿಭಾಜ್ಯ ಕೊಡುತ್ತವೆ ಎಂದು ಒಂದು ಪಟ್ಟಿ ಕೊಟ್ಟರು: 2, 3, 5, 7, 13, 17, 19, 31, 67, 127, 257. ಇದರಲ್ಲಿ 67 ಮತ್ತು 257 ತಪ್ಪು. 61, 89, 107 ಬಿಟ್ಟುಹೋಗಿವೆ. 31 ಸರಿಯಾಗಿತ್ತು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸಾಧಿಸಿದಂತೆ ಆಗುವುದಿಲ್ಲವಲ್ಲ.

ಆಯ್ಲರ್ ಹೂಡಿದ ಉಪಾಯ

ಆ ಸಾಧನೆ ಆಯ್ಲರ್ ಅವರದು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಅವರಿಗೆ ಆ ಹೊತ್ತಿಗೆ ಕಣ್ಣು ಬಹುಪಾಲು ಹೋಗಿತ್ತು. ಬೆರ್ನೂಲಿ ಎಂಬ ಗಣಿತಜ್ಞರಿಗೆ ಬರೆದ, 1772ರಲ್ಲಿ ಅಚ್ಚಾದ ಪತ್ರವೊಂದರಲ್ಲಿ ಅವರು 2147483647 ಅವಿಭಾಜ್ಯವೆಂದು ತಿಳಿಸಿದರು. ನಾಲ್ಕು ಸಾವಿರದ ಏಳುನೂರು ಭಾಗಾಕಾರಗಳ ಕೆಲಸವನ್ನು ಅವರು ನೂರರೊಳಕ್ಕೆ ಇಳಿಸಿದ ಬಗೆ ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಸೊಗಸಾದ ಭಾಗ. ಅದನ್ನು ಅರ್ಥಮಾಡಿಕೊಳ್ಳಲು ಮೊದಲು ಚಿಕ್ಕ ತಮ್ಮನಾದ 2047ನ್ನು ನೋಡೋಣ.

2047 ಎಂಬುದು 23ರಿಂದ ಭಾಗವಾಗುತ್ತದೆ ಎಂದು ಗೊತ್ತು. 1ರಿಂದ ಶುರುಮಾಡಿ ದ್ವಿಗುಣಗೊಳಿಸುತ್ತಾ ಹೋಗೋಣ, 23 ಮೀರಿದಾಗಲೆಲ್ಲ 23 ಕಳೆದು ಶೇಷವನ್ನು ಮಾತ್ರ ಇಟ್ಟುಕೊಳ್ಳೋಣ. ಗಡಿಯಾರದ ಮುಳ್ಳು ಹನ್ನೆರಡು ದಾಟಿದ ಮೇಲೆ ಮತ್ತೆ ಒಂದಕ್ಕೆ ಬರುವ ಹಾಗೆ. ಸಿಗುವ ಶೇಷಗಳು: 2, 4, 8, 16, 9, 18, 13, 3, 6, 12, 1. ಸರಿಯಾಗಿ ಹನ್ನೊಂದನೇ ಹೆಜ್ಜೆಗೆ ಮತ್ತೆ 1ಕ್ಕೆ ಬಂದೆವು. ಬರಲೇಬೇಕಿತ್ತು. 2ರ 11ನೇ ಘಾತದಿಂದ 1 ಕಳೆದದ್ದು 23ರಿಂದ ಭಾಗವಾಗುತ್ತದೆ ಎಂದರೆ 2ರ 11ನೇ ಘಾತಕ್ಕೆ 1 ಶೇಷ ಎಂದೇ ಅರ್ಥ.

ಈಗ ಇನ್ನೊಂದು ಸಂಗತಿ ಬೇಕು. ಫರ್ಮಾ ಎಂಬ ಗಣಿತಜ್ಞ 1640ರಲ್ಲಿ ಕಂಡುಕೊಂಡ ನಿಯಮದ ಪ್ರಕಾರ, 2ಕ್ಕಿಂತ ದೊಡ್ಡ ಯಾವುದೇ ಅವಿಭಾಜ್ಯದ ಗಡಿಯಾರದಲ್ಲಿ ಹೀಗೆ ದ್ವಿಗುಣಗೊಳಿಸುತ್ತಾ ಹೋದರೆ, ಆ ಅವಿಭಾಜ್ಯಕ್ಕೆ ಒಂದು ಕಡಿಮೆ ಇರುವಷ್ಟು ಹೆಜ್ಜೆ ಹಾಕಿದಾಗ 1ಕ್ಕೆ ವಾಪಸಾಗುತ್ತೇವೆ. 23ಕ್ಕಾದರೆ 22 ಹೆಜ್ಜೆ. ಒಂದು ಸುತ್ತಿಗೆ 11 ಹೆಜ್ಜೆಯಾದರೆ 22ಕ್ಕೆ ಎರಡು ಪೂರ್ತಿ ಸುತ್ತು, ಲೆಕ್ಕ ಹೊಂದಿತು. 89ಕ್ಕಾದರೆ 88 ಹೆಜ್ಜೆ, ಅಂದರೆ ಎಂಟು ಸುತ್ತು.

ಇದನ್ನು ಹಾಗೆಯೇ ನಮ್ಮ ಸಂಖ್ಯೆಗೆ ತನ್ನಿ. ಯಾವುದೋ ಅವಿಭಾಜ್ಯವೊಂದು 2147483647ನ್ನು ಭಾಗಿಸುತ್ತದೆ ಎಂದು ಊಹಿಸಿಕೊಂಡರೆ, ಅದರ ಗಡಿಯಾರದಲ್ಲಿ 31 ಹೆಜ್ಜೆಗೆ 1 ಬರಬೇಕು. 31ನ್ನು ಒಡೆಯಲಾಗದು, ಆದ್ದರಿಂದ ಒಂದು ಸುತ್ತು ಸರಿಯಾಗಿ 31 ಹೆಜ್ಜೆಯದೇ. ಆಗ ಆ ಅವಿಭಾಜ್ಯಕ್ಕೆ ಒಂದು ಕಡಿಮೆ ಇರುವ ಸಂಖ್ಯೆ 31ರಿಂದ ಭಾಗವಾಗಬೇಕು. ಅವಿಭಾಜ್ಯ ಬೆಸ, ಅದಕ್ಕೆ ಒಂದು ಕಡಿಮೆ ಇರುವುದು ಸಮ, ಆದ್ದರಿಂದ 62ರಿಂದಲೇ ಭಾಗವಾಗಬೇಕು. 46340ರೊಳಗಿನ ಅವಿಭಾಜ್ಯಗಳಲ್ಲಿ ಬಹುಪಾಲು ಇಲ್ಲಿಗೇ ಉದುರಿಹೋದವು.

ಇನ್ನೊಂದು ಜರಡಿಯೂ ಇದೆ. ಅಂಥ ಭಾಜಕವನ್ನು 8ರಿಂದ ಭಾಗಿಸಿದರೆ 1 ಅಥವಾ 7 ಮಾತ್ರ ಶೇಷ ಉಳಿಯಬೇಕು. ಏಕೆ ಎಂಬುದನ್ನು ಬಿಡಿಸಹೊರಟರೆ ಇನ್ನೊಂದು ಲೇಖನವೇ ಬೇಕಾದೀತು, 23 ಮತ್ತು 89ಕ್ಕೆ ಹಾಕಿ ನೋಡಿದರೆ 7 ಮತ್ತು 1 ಬರುವುದನ್ನು ನೀವೇ ಕಾಣಬಹುದು. ಎರಡು ಜರಡಿಗಳನ್ನೂ ಸೇರಿಸಿದರೆ ಉಳಿಯುವುದು ಎರಡೇ ಬಗೆ: 248ರ ಗುಣಕಕ್ಕೆ 1 ಕೂಡಿಸಿದವು, ಇಲ್ಲವೇ 63 ಕೂಡಿಸಿದವು. 46340ರೊಳಗೆ ಇಂಥ 373 ಸಂಖ್ಯೆಗಳಿವೆ, ಅವುಗಳಲ್ಲಿ ಅವಿಭಾಜ್ಯವಾದವು ಎಂಬತ್ತು ಚಿಲ್ಲರೆ.

ಒಂದೆರಡನ್ನು ನಾವೇ ಮಾಡಿ ನೋಡಬಹುದು. 63 ಸಂಯುಕ್ತ, 249 ಅಂದರೆ 3 × 83, ಅವೆರಡನ್ನೂ ಬಿಡಿ. ಮೊದಲು ಎದುರಾಗುವುದು 311. ಭಾಗಿಸಿದರೆ ಭಾಗಲಬ್ಧ 6905092, ಶೇಷ 35. ಆಗಲಿಲ್ಲ. ಮುಂದಿನವು 497, 559, 745, 807, 993, 1055, 1241, ಎಲ್ಲವೂ ಸಂಯುಕ್ತಗಳೇ. ಎರಡನೇ ನಿಜವಾದ ಅಭ್ಯರ್ಥಿ 1303. ಭಾಗಲಬ್ಧ 1648107, ಶೇಷ 226. ಅದೂ ಆಗಲಿಲ್ಲ. ಹೀಗೆ ಕೊನೆಯವರೆಗೆ ಹೋದರೂ ಯಾವುದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ. ಎರಡೇ ಅಭ್ಯರ್ಥಿಗಳು ಸಾವಿರದ ಮುನ್ನೂರರ ಆಚೆಗೆ ನಮ್ಮನ್ನು ತಂದು ನಿಲ್ಲಿಸಿದವು ಎಂಬುದನ್ನು ಗಮನಿಸಿ. ಜರಡಿಯಿಲ್ಲದಿದ್ದರೆ ಅಷ್ಟರಲ್ಲಿ ಇನ್ನೂರಕ್ಕೂ ಹೆಚ್ಚು ಭಾಗಾಕಾರಗಳನ್ನು ಮಾಡಬೇಕಿತ್ತು.

ಹೀಗೆ ಇದು ಎಂಟನೇ ಮರ್ಸೆನ್ ಅವಿಭಾಜ್ಯವಾಯಿತು. ಎಲ್ಲ ಅವಿಭಾಜ್ಯಗಳನ್ನೂ 2ರಿಂದ ಸಾಲಾಗಿ ನಿಲ್ಲಿಸಿದರೆ ಇದರ ಸ್ಥಾನ 105097565ನೆಯದು.

ಇಪ್ಪತ್ತೊಂಬತ್ತು ಹೆಜ್ಜೆಗಳ ಪರೀಕ್ಷೆ

ಭಾಗಿಸದೆಯೇ ತೀರ್ಮಾನಿಸುವ ದಾರಿಯೂ ಒಂದಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ಅದಕ್ಕೆ ಅಡಿಪಾಯ ಹಾಕಿದರು, ಇಪ್ಪತ್ತನೆಯದರಲ್ಲಿ ಅಮೆರಿಕದ ಡೆರಿಕ್ ಲೇಮರ್ ಅದನ್ನು ಒಪ್ಪ ಮಾಡಿದರು. ವಿಧಾನ ಹೀಗೆ: 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದ ಮೇಲೆ ಸೊನ್ನೆ ಬಂದರೆ ಅದು ಅವಿಭಾಜ್ಯ, ಬರದಿದ್ದರೆ ಅಲ್ಲ.

ಐದು ಒಂದುಗಳ ಸಾಲಾದ 31ನ್ನೇ ಪರೀಕ್ಷಿಸೋಣ. ಘಾತ 5, ಹೆಜ್ಜೆ ಮೂರು. 4ರ ವರ್ಗ 16, 2 ಕಳೆದರೆ 14. ಅದರ ವರ್ಗ 196, 2 ಕಳೆದರೆ 194, 31ರಿಂದ ಭಾಗಿಸಿದರೆ ಶೇಷ 8. ಅದರ ವರ್ಗ 64, 2 ಕಳೆದರೆ 62, ಶೇಷ 0. ಪಾಸಾಯಿತು. 2147483647ಕ್ಕೆ ಇಂಥ 29 ಹೆಜ್ಜೆ ಸಾಕು.

ಈ ದಾರಿಯ ಬಲ ಗೊತ್ತಾಗುವುದು ಮರ್ಸೆನ್ ತಪ್ಪಿದ ಕಡೆ. 67 ಒಂದುಗಳ ಸಾಲು ಸಂಯುಕ್ತವೆಂದು ಲ್ಯೂಕಾ 1876ರಲ್ಲೇ ತೋರಿಸಿದ್ದರು, ಆದರೆ ಅದರ ಅಪವರ್ತನಗಳು ಅವರ ಕೈಗೂ ಸಿಕ್ಕಿರಲಿಲ್ಲ. ಅದು 193707721 × 761838257287 ಎಂದು 1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಗುಣಿಸಿ ತೋರಿಸಿದರು. ಒಂದು ಸಂಖ್ಯೆ ಒಡೆಯುತ್ತದೆ ಎಂದು ತಿಳಿಯುವುದೂ ಎಲ್ಲಿ ಒಡೆಯುತ್ತದೆ ಎಂದು ತಿಳಿಯುವುದೂ ಬೇರೆ ಬೇರೆ ಕೆಲಸ.

ಅದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆ

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮನಾದರೆ ಅಂಥದ್ದು ಪರಿಪೂರ್ಣ ಸಂಖ್ಯೆ. 6ರ ಭಾಜಕಗಳು 1, 2, 3, ಕೂಡಿಸಿದರೆ 6. 28ಕ್ಕೂ ಹಾಗೆಯೇ: 1 + 2 + 4 + 7 + 14. ಮೊತ್ತ ಕಡಿಮೆ ಬಿದ್ದರೆ ಅದು ನ್ಯೂನ ಸಂಖ್ಯೆ. ಪ್ರತಿ ಅವಿಭಾಜ್ಯವೂ ನ್ಯೂನವೇ. 2147483647ಕ್ಕೆ ತನ್ನನ್ನು ಬಿಟ್ಟರೆ ಉಳಿಯುವ ಭಾಜಕ 1 ಮಾತ್ರ.

ಆದರೆ ಪ್ರತಿ ಮರ್ಸೆನ್ ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆಯನ್ನು ಕೊಡುತ್ತದೆ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಸಾಧಿಸಿದ್ದರು. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಹೀಗೇ ಹುಟ್ಟುತ್ತವೆ, ಬೇರೆ ದಾರಿಯೇ ಇಲ್ಲ ಎಂದು ತೋರಿಸಿದವರು ಮತ್ತೆ ಆಯ್ಲರ್. ಪಾಕ ಸರಳ: 1ರಿಂದ ಆ ಅವಿಭಾಜ್ಯದವರೆಗಿನ ಎಲ್ಲ ಸಂಖ್ಯೆಗಳನ್ನೂ ಕೂಡಿಸಿ. 3ರವರೆಗೆ ಕೂಡಿಸಿದರೆ 6. 7ರವರೆಗೆ ಕೂಡಿಸಿದರೆ 28. 2147483647ರವರೆಗೆ ಕೂಡಿಸಿದರೆ ಬರುವುದು 2305843008139952128, ಎಂಟನೇ ಪರಿಪೂರ್ಣ ಸಂಖ್ಯೆ. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ ಎಂಬ ಪ್ರಶ್ನೆಗೆ ಇಂದಿಗೂ ಯಾರಿಂದಲೂ ಉತ್ತರ ದೊರೆತಿಲ್ಲ.

ಈ ಹತ್ತೊಂಬತ್ತು ಅಂಕಿಗಳ ಸಂಖ್ಯೆಯನ್ನು ಕುರಿತು ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಒಂದು ಮಾತು ಬರೆದರು: ಮನುಷ್ಯ ಕಂಡುಹಿಡಿಯುವ ಅತಿ ದೊಡ್ಡ ಪರಿಪೂರ್ಣ ಸಂಖ್ಯೆ ಇದೇ ಆಗಿರುತ್ತದೆ, ಇವು ಕುತೂಹಲಕ್ಕೆ ಮಾತ್ರ, ಉಪಯೋಗವಿಲ್ಲದವು, ಹಾಗಾಗಿ ಯಾರೂ ಮುಂದೆ ಹೋಗಲಾರರು ಎಂಬ ಅರ್ಥದಲ್ಲಿ. ಕುತೂಹಲಕ್ಕಿರುವ ಬಲವನ್ನು ಅವರು ಕಡಿಮೆ ಅಂದಾಜು ಮಾಡಿದ್ದರು. 1876ರಲ್ಲಿ ಲ್ಯೂಕಾ ಕೈಲೆಕ್ಕದಲ್ಲೇ 127 ಒಂದುಗಳ ಸಾಲು ಅವಿಭಾಜ್ಯವೆಂದು ಸಾಧಿಸಿದರು. ದಶಮಾನದಲ್ಲಿ ಅದಕ್ಕೆ 39 ಅಂಕಿ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ಮರ್ಸೆನ್ ಅವಿಭಾಜ್ಯದಲ್ಲಿ 136279841 ಒಂದುಗಳಿವೆ. ದಶಮಾನದಲ್ಲಿ ಬರೆದರೆ ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಮೇಲ್ಪಟ್ಟ ಅಂಕಿಗಳು. ಅದು ನಮಗೆ ಗೊತ್ತಿರುವ 52ನೇ ಮರ್ಸೆನ್ ಅವಿಭಾಜ್ಯ.

ಇನ್ನೂ ಕೆಲವು ಗುಂಪುಗಳು

ಸಂಖ್ಯೆಯ ವರ್ಗೀಕರಣ ಎಂದರೆ ಅದಕ್ಕೆ ಕೇಳುವ ಒಂದೊಂದು ಪ್ರಶ್ನೆ. ಕೆಲವಕ್ಕೆ ಹೌದು ಎಂಬ ಉತ್ತರ, ಕೆಲವಕ್ಕೆ ಇಲ್ಲ ಎಂಬುದು. ಇಲ್ಲ ಎಂಬ ಉತ್ತರಗಳೂ ಸಂಖ್ಯೆಯ ಗುಣವನ್ನೇ ಹೇಳುತ್ತವೆ.

11, 13ರ ಹಾಗೆ ಎರಡರ ಅಂತರದಲ್ಲಿರುವ ಜೋಡಿಗೆ ಅವಳಿ ಅವಿಭಾಜ್ಯಗಳು ಎನ್ನುತ್ತಾರೆ. ನಮ್ಮ ಸಂಖ್ಯೆಗೆ ಅವಳಿ ಇಲ್ಲ: ಎರಡು ಕಡಿಮೆ ಇರುವ 2147483645 ಐದರಿಂದ ಭಾಗವಾಗುತ್ತದೆ, ಎರಡು ಹೆಚ್ಚಿರುವ 2147483649 ಮೂರರಿಂದ. ಇದರ ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ದ್ವಿಗುಣಗೊಳಿಸಿ 1 ಕೂಡಿಸಿದಾಗಲೂ ಅವಿಭಾಜ್ಯವೇ ಬಂದರೆ ಅದನ್ನು ಸೋಫಿ ಜರ್ಮೇನ್ ಅವಿಭಾಜ್ಯ ಎನ್ನುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಸಾಲಿಗೆ ಇನ್ನೊಂದು ಒಂದು ಸೇರಿ 32 ಆಗುತ್ತದೆ, ಆ ಸಾಲನ್ನು ಎರಡೆರಡರ ಗುಂಪುಗಳಾಗಿ ಕತ್ತರಿಸಬಹುದು, ಆದ್ದರಿಂದ ಅದು 3ರಿಂದ ಭಾಗವಾಗುತ್ತದೆ. ಉತ್ತರ ಇಲ್ಲ.

ದ್ವಿಮಾನದಲ್ಲಿ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ದಶಮಾನದಲ್ಲಿ ಹಾಗಲ್ಲ. ಇನ್ನು ಘಾತವಾದ 31 ತಾನೂ ಮರ್ಸೆನ್ ಅವಿಭಾಜ್ಯವೇ, ಐದು ಒಂದುಗಳ ಸಾಲು. ಹೀಗೆ ಮರ್ಸೆನ್ ಅವಿಭಾಜ್ಯವೊಂದು ಇನ್ನೊಂದಕ್ಕೆ ಘಾತವಾಗಿ ಕೂತರೆ ಅದು ಜೋಡಿ ಮರ್ಸೆನ್ ಅವಿಭಾಜ್ಯ. ಇಲ್ಲಿಯವರೆಗೆ ತಿಳಿದಿರುವಂಥವು ನಾಲ್ಕೇ: 7, 127, 2147483647, ಮತ್ತು ಲ್ಯೂಕಾ ಸಾಧಿಸಿದ 39 ಅಂಕಿಗಳ ಸಂಖ್ಯೆ. ಹೌದು ಎಂಬ ಉತ್ತರಗಳಲ್ಲಿ ನನಗೆ ಅತಿ ಬೆಲೆಯುಳ್ಳದ್ದೆನಿಸುವುದು ಇದೇ.

ವರ್ಗಗಳ ಮೊತ್ತದ ಪ್ರಶ್ನೆಯೂ ಇದೆ. ಯಾವುದೇ ಪೂರ್ಣ ಸಂಖ್ಯೆಯ ವರ್ಗವನ್ನು 8ರಿಂದ ಭಾಗಿಸಿದರೆ ಶೇಷ 0, 1 ಅಥವಾ 4 ಮಾತ್ರ. ನಮ್ಮ ಸಂಖ್ಯೆಗೆ ಶೇಷ 7. ಮೂರು ವರ್ಗಗಳನ್ನು ಹೇಗೆ ಕೂಡಿಸಿದರೂ ಶೇಷ 7 ಬರಿಸಲಾಗದು, ಆದ್ದರಿಂದ ಇದಕ್ಕೆ ನಾಲ್ಕು ವರ್ಗಗಳು ಬೇಕೇ ಬೇಕು. ನಾಲ್ಕು ಇದ್ದರೆ ಯಾವ ಸಂಖ್ಯೆಗೂ ಸಾಕು ಎಂದು ಲಗ್ರಾಂಜ್ 1770ರಲ್ಲಿ ಸಾಧಿಸಿದ್ದಾರೆ. ಒಂದು ಜೋಡಣೆ ಇಲ್ಲಿದೆ: 46339, 425, 10 ಮತ್ತು 1 ಇವುಗಳ ವರ್ಗಗಳನ್ನು ಕೂಡಿಸಿ. 2147302921 + 180625 + 100 + 1, ಸರಿಯಾಗಿ 2147483647.

ಉಪಯೋಗವಿಲ್ಲದ ಸಂಖ್ಯೆ ಕೆಲಸಕ್ಕೆ ನಿಂತದ್ದು

ಯಂತ್ರದ ಗಡಿ ಮತ್ತು ಅವಿಭಾಜ್ಯ ಎಂಬ ಎರಡು ಗುರುತುಗಳು ಒಂದೇ ಕಡೆ ಕೆಲಸಕ್ಕೆ ಬರುವ ಜಾಗ ಯಾದೃಚ್ಛಿಕ ಸಂಖ್ಯೆಗಳು, ಅಂದರೆ ಗೊತ್ತುಗುರಿಯಿಲ್ಲದಂತೆ ಕಾಣುವ ಸಂಖ್ಯೆಗಳ ಸರಣಿ. ಆಟಗಳಿಗೆ, ಹವಾಮಾನದಂಥ ಅನುಕರಣ ಲೆಕ್ಕಗಳಿಗೆ ಇಂಥ ಸರಣಿ ಬೇಕು. ಯಂತ್ರಕ್ಕೆ ನಿಜವಾದ ದಾಳ ಎಸೆಯಲು ಬಾರದು, ಅದಕ್ಕೊಂದು ಲೆಕ್ಕ ಬೇಕು.

ಲೆಕ್ಕ ಇಷ್ಟೇ: ಕೈಯಲ್ಲಿರುವ ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷವನ್ನು ಮುಂದಿನ ಸಂಖ್ಯೆಯಾಗಿ ತೆಗೆದುಕೊಳ್ಳಿ. 1ರಿಂದ ಹೊರಟರೆ 16807, ಆಮೇಲೆ 282475249. ಇನ್ನೊಂದು ಸಲ ಗುಣಿಸಿದರೆ 4747561509943. ಇದರಲ್ಲಿ ನಮ್ಮ ಸಂಖ್ಯೆ 2210 ಸಲ ಹೋಗಿ ಉಳಿಯುವ ಶೇಷ 1622650073. ಎಲ್ಲ ಶೇಷಗಳೂ 32 ಬಿಟ್‌ಗಳ ಪೆಟ್ಟಿಗೆಯಲ್ಲಿ ಹಿಡಿಯುತ್ತವೆ, ಏಕೆಂದರೆ ಭಾಜಕವೇ ಆ ಪೆಟ್ಟಿಗೆಯ ಗಡಿ. ಭಾಜಕ ಅವಿಭಾಜ್ಯವಾದ್ದರಿಂದ ಶೇಷ ಎಂದೂ ಸೊನ್ನೆಯಾಗಿ ಸರಣಿ ಸಾಯುವುದಿಲ್ಲ.

16807 ಯಾಕೆ? ಅದು 7ರ 5ನೇ ಘಾತ. ಆಯ್ಲರ್ ಉಪಾಯದಲ್ಲಿ ಕಂಡ ಗಡಿಯಾರವನ್ನು ನೆನಪಿಸಿಕೊಳ್ಳಿ. ಅಲ್ಲಿ 2ರಿಂದ ಗುಣಿಸುತ್ತಾ ಹೋದೆವು. 2147483647ರದೇ ಗಡಿಯಾರದಲ್ಲಿ 2ರಿಂದ ಗುಣಿಸಿದರೆ 31 ಹೆಜ್ಜೆಗೇ ಸುತ್ತು ಮುಗಿಯುತ್ತದೆ, ದಾಳವಾಗಿ ಅದು ನಿಷ್ಪ್ರಯೋಜಕ. 7ರಿಂದ ಗುಣಿಸಿದರೆ 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯನ್ನೂ ಒಂದೊಂದು ಸಲ ಮುಟ್ಟಿ ಬಂದ ಮೇಲೆಯೇ ಸುತ್ತು ಪೂರ್ತಿಯಾಗುತ್ತದೆ. ಆ ಸುತ್ತಿನ ಉದ್ದವಾದ 2147483646ನ್ನು ಒಡೆದರೆ 2 × 3 × 3 × 7 × 11 × 31 × 151 × 331. ಅದರಲ್ಲಿ 5 ಇಲ್ಲ. ಹಾಗಾಗಿ 7ರ ಹೆಜ್ಜೆಗಳನ್ನು ಐದೈದಾಗಿ ಹಾಕಿದರೂ ಯಾವ ಸಂಖ್ಯೆಯೂ ತಪ್ಪಿಹೋಗದು.

1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಎಂಬ ಕಂಪ್ಯೂಟರ್ ವಿಜ್ಞಾನಿಗಳು ಇದನ್ನು ಇಂಥ ಸರಣಿಗಳಿಗೆ ಕನಿಷ್ಠ ಮಾನದಂಡವಾಗಿ ಸೂಚಿಸಿದರು. ಗುಟ್ಟು ಕಾಪಾಡುವ ಕೆಲಸಕ್ಕೆ ಇದು ಒಗ್ಗುವುದಿಲ್ಲ; ಒಂದು ಸಂಖ್ಯೆ ತಿಳಿದರೆ ಮುಂದಿನವೆಲ್ಲ ತಿಳಿದಂತೆ. ಸರಳ ಕೆಲಸಗಳಿಗೆ ಇಂದಿಗೂ ಸಿಗುತ್ತದೆ, ತಂತ್ರಾಂಶ ಬರೆಯಲು ಬಳಸುವ ಸಿ ಪ್ಲಸ್ ಪ್ಲಸ್ ಭಾಷೆಯ 2011ರ ಮಾನದಂಡ ಇದನ್ನು ಸೇರಿಸಿಕೊಂಡಿದೆ. ತಂತ್ರಾಂಶ ಬರೆದವರು ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಲು ಆ ಮಾನದಂಡದಲ್ಲೇ ಒಂದು ಗುರುತು ಕೊಟ್ಟಿದ್ದಾರೆ: 1ರಿಂದ ಹೊರಟು ಹತ್ತು ಸಾವಿರ ಹೆಜ್ಜೆ ಹಾಕಿದರೆ ಕೈಗೆ ಬರಬೇಕಾದದ್ದು 1043618065.